ಬಜೆಟ್ ಮೊದಲು, ಪ್ರಪೋಸಲ್ ಆಮೇಲೆ

ಸಂಕ್ರಾಂತಿ ಕಳೆಯುತ್ತಿದ್ದಂತೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಸಣ್ಣ ಸ್ವಯಂಸೇವಾ ಸಂಸ್ಥೆಗಳಿಗೆ ಕಂಪನಿಗಳ ಫೋನ್ ಶುರುವಾಗುತ್ತದೆ. ನರಸಾಪುರ, ವೇಮಗಲ್, ವಸಂತನರಸಾಪುರದ ಕಾರ್ಖಾನೆಗಳಿರಲಿ, ಬೆಂಗಳೂರಿನ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಕಚೇರಿಗಳಿರಲಿ, ಕೇಳುವುದು ಒಂದೇ: ‘ಮಾರ್ಚ್ ಒಳಗೆ ಮುಗಿಯೋ ಪ್ರಾಜೆಕ್ಟ್ ಏನಾದ್ರೂ ಇದೆಯಾ? ನಾಳೆ ಸಂಜೆಗೆ ಒಂದು ಪ್ರಪೋಸಲ್ ಕಳಿಸ್ತೀರಾ?’ ಕಾರ್ಯದರ್ಶಿ ರಾತ್ರಿ ಕೂತು ಹಳೆಯ ಪ್ರಪೋಸಲ್ (ಹಣ ಕೇಳುವ ಯೋಜನಾ ಪ್ರಸ್ತಾವ) ತೆಗೆದು, ತಾಲ್ಲೂಕಿನ ಹೆಸರು ತಿದ್ದಿ, ಹಿನ್ನೆಲೆಯನ್ನು ಇನ್ನೆರಡು ಪುಟ ಬೆಳೆಸುತ್ತಾರೆ. ಬಜೆಟ್ ಹಾಕುವುದು ಕಳಿಸುವುದಕ್ಕೆ ಅರ್ಧ ಗಂಟೆ ಮೊದಲು. ಮುಂದಿನ ವರ್ಷವಿಡೀ ಆ ಸಂಸ್ಥೆ ಪಡುವ ಪಾಡು ಬಹುಪಾಲು ಆ ಅರ್ಧ ಗಂಟೆಯಲ್ಲೇ ನಿಗದಿಯಾಗಿಬಿಡುತ್ತದೆ.

ಈ ಕ್ರಮವನ್ನು ತಿರುಗಿಸಿ. ಮೊದಲು ಬಜೆಟ್, ಅದರ ಪಕ್ಕದಲ್ಲಿ ತಿಂಗಳುವಾರು ಹಣದ ಹರಿವು, ಆಮೇಲೆ ಕೆಲಸದ ಯೋಜನೆ, ಎಲ್ಲಕ್ಕಿಂತ ಕೊನೆಗೆ ಹಿನ್ನೆಲೆ ಮತ್ತು ಉದ್ದೇಶ. ಪ್ರಪೋಸಲ್ ಓದುವವರು ಮೊದಲು ತೆರೆಯುವುದೂ ಬಜೆಟ್ ಪುಟವನ್ನೇ. ನೀವು ಏನು ಮಾಡುತ್ತೀರಿ ಎಂಬುದು ಅಲ್ಲಿ ಗೊತ್ತಾಗುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಗೊತ್ತಾಗುವುದಿಲ್ಲ.

ಕಾಗದಪತ್ರದ ವಿಷಯ ಚುಟುಕಾಗಿ ಮುಗಿಸಿಬಿಡೋಣ. ಸಿಎಸ್‌ಆರ್ ಹಣ ಬೇಕಾದರೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಬೇಕು. ಇದು 2021ರ ಏಪ್ರಿಲ್ 1ರಿಂದ ಕಡ್ಡಾಯ. ಅದಕ್ಕೆ ಮೊದಲು ಆದಾಯ ತೆರಿಗೆಯ 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ನೋಂದಣಿ, ಜೊತೆಗೆ ಕನಿಷ್ಠ ಮೂರು ವರ್ಷ ಇಂಥದೇ ಕೆಲಸ ಮಾಡಿದ ದಾಖಲೆ ಇರಬೇಕು. ನೀತಿ ಆಯೋಗದ ದರ್ಪಣ್ ಐಡಿ (ಸ್ವಯಂಸೇವಾ ಸಂಸ್ಥೆಗಳ ಪೋರ್ಟಲ್‌ನ ನೋಂದಣಿ ಸಂಖ್ಯೆ), ಮೂರು ವರ್ಷದ ಆಡಿಟ್ ವರದಿಗಳನ್ನು ಎಲ್ಲರೂ ಕೇಳುತ್ತಾರೆ. ಸೆಕ್ಷನ್ ಸಂಖ್ಯೆಗಳನ್ನು ನಾವೆಲ್ಲ 1961ರ ಕಾಯ್ದೆಯ ಲೆಕ್ಕದಲ್ಲೇ ಹೇಳುತ್ತಿದ್ದೇವೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸಂಖ್ಯೆಗಳು ಬದಲಾಗಿವೆ. ಫಾರಂ ತುಂಬುವಾಗ ಹೊಸ ಸಂಖ್ಯೆಗಳನ್ನು ಆಡಿಟರ್ ಬಳಿ ಕೇಳಿಕೊಳ್ಳಿ.

ನಮ್ಮ ಕಡೆ ಅರ್ಜಿ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಹೆಸರು, ವಿಳಾಸದಲ್ಲಿ. ನೋಂದಣಿ ಪತ್ರದಲ್ಲಿ ಹೆಸರಿನ ಮುಂದೆ ‘(ರಿ)’ ಇರುತ್ತದೆ, ಪ್ಯಾನ್‌ನಲ್ಲಿ ಇರುವುದಿಲ್ಲ, ಬ್ಯಾಂಕಿನವರು ಅದನ್ನೂ ಹೆಸರಿಗೇ ಸೇರಿಸಿಬಿಟ್ಟಿರುತ್ತಾರೆ. ಬಾಗೇಪಲ್ಲಿ, ಚಿಂತಾಮಣಿಯ ಹಳೆಯ ಸಂಸ್ಥೆಗಳ ಬೈಲಾದಲ್ಲಿ ಕೋಲಾರ ಜಿಲ್ಲೆ ಎಂದಿರುತ್ತದೆ; ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ತುಮಕೂರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿ 2014ರಲ್ಲಿ ಬದಲಾಯಿತು, ಹಾಗಾಗಿ ಒಂದೇ ಸಂಸ್ಥೆಯ ವಿಳಾಸ ಎರಡು ದಾಖಲೆಯಲ್ಲಿ ಎರಡು ಥರ. ಆನ್‌ಲೈನ್ ಪರಿಶೀಲನೆಯಲ್ಲಿ ಇಂಥ ಸಣ್ಣ ವ್ಯತ್ಯಾಸಕ್ಕೇ ಅರ್ಜಿ ವಾಪಸಾಗುತ್ತದೆ. ಹಣ ಬೇಡದ ಕಾಲದಲ್ಲೇ ತಿದ್ದಿಸಿಡಿ. ಸೊಸೈಟಿಯಾಗಿದ್ದರೆ ಜಿಲ್ಲಾ ನೋಂದಣಾಧಿಕಾರಿಗೆ ಪ್ರತಿವರ್ಷ ಕೊಡಬೇಕಾದ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ಎಷ್ಟು ವರ್ಷದಿಂದ ಬಾಕಿ ಇದೆ ಎಂದೂ ನೋಡಿ. ನಾಲ್ಕೈದು ವರ್ಷ ಬಾಕಿ ಇಟ್ಟುಕೊಂಡು, ಕಂಪನಿಯವರು ಕೇಳಿದ ವಾರ ಓಡಾಡುವ ಸಂಸ್ಥೆಗಳಿಗೆ ಕೊರತೆಯಿಲ್ಲ.

ಇನ್ನು ಬಜೆಟ್. ಉದಾಹರಣೆಗೆ ಪಾವಗಡ ತಾಲ್ಲೂಕಿನ 20 ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಓದುವ ಅಭ್ಯಾಸ ಬೆಳೆಸುವ ಒಂದು ವರ್ಷದ ಕೆಲಸ ಅಂದುಕೊಳ್ಳಿ. ಶಾಲೆಗೆ 40 ಮಕ್ಕಳು, ಒಟ್ಟು 800. ಅಂಕಿಗಳು ಲೆಕ್ಕ ತೋರಿಸಲು ಇಟ್ಟವು. ನಿಮ್ಮ ಊರಿನ ದರ ನೀವು ಹಾಕಿಕೊಳ್ಳಿ.

ಕಾರ್ಯಕರ್ತರು 5 ಜನ, ಒಬ್ಬರಿಗೆ 4 ಶಾಲೆ, ತಿಂಗಳಿಗೆ 15,000, 12 ತಿಂಗಳು: 9,00,000
ಸಂಯೋಜಕರು ಒಬ್ಬರು, ತಿಂಗಳಿಗೆ 25,000: 3,00,000
ಕಾರ್ಯಕರ್ತರ ಪ್ರಯಾಣ, ತಿಂಗಳಿಗೆ 2,500 × 5: 1,50,000
ಸಂಯೋಜಕರ ಪ್ರಯಾಣ, ತಿಂಗಳಿಗೆ 4,000: 48,000
ಪುಸ್ತಕ ಮತ್ತು ಕಪಾಟು, ಶಾಲೆಗೆ 12,000: 2,40,000
ತರಬೇತಿ ಎರಡು ಸಲ, ಮೂರು ಮೂರು ದಿನ, ಊಟ ವಸತಿ ಮತ್ತು ಸಂಪನ್ಮೂಲ ವ್ಯಕ್ತಿ: 40,200
ಆರಂಭದ ಮತ್ತು ಕೊನೆಯ ಮಾಪನ, ಸಲಕ್ಕೆ 30,000: 60,000

ಇಲ್ಲಿಗೆ 17,38,200. ಬಹಳಷ್ಟು ಸಂಸ್ಥೆಗಳು ಇಲ್ಲೇ ಗೆರೆ ಎಳೆದು, ಕೆಳಗೆ ‘ಆಡಳಿತ ವೆಚ್ಚ ಶೇ 5’ ಎಂದು ಬರೆದು ಕಳಿಸುತ್ತವೆ. ಶೇ 5 ಯಾಕೆ ಎಂದರೆ ‘ಸಿಎಸ್‌ಆರ್ ನಿಯಮ ಅಷ್ಟೇ ಕೊಡೋದು’ ಎಂಬ ಉತ್ತರ ಸಿದ್ಧವಿರುತ್ತದೆ. ಅದು ತಪ್ಪು ತಿಳಿವಳಿಕೆ. ಸಿಎಸ್‌ಆರ್ ನಿಯಮದ ಶೇ 5ರ ಮಿತಿ ಕಂಪನಿಗೆ ಹಾಕಿದ್ದು. ಕಂಪನಿ ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಸಾಮಾನ್ಯ ಆಡಳಿತದ ಖರ್ಚು ಅದು. ಒಂದು ನಿರ್ದಿಷ್ಟ ಯೋಜನೆಯ ರೂಪಿಸುವಿಕೆ, ಅನುಷ್ಠಾನ, ಮೇಲ್ವಿಚಾರಣೆ, ಮೌಲ್ಯಮಾಪನಕ್ಕೆ ನೇರವಾಗಿ ಆಗುವ ಖರ್ಚು ಆ ವ್ಯಾಖ್ಯೆಯ ಹೊರಗಿದೆ ಎಂದು ನಿಯಮದಲ್ಲೇ ಬರೆದಿದೆ. ಕಂಪನಿಯ ಕಿರಿಯ ಅಧಿಕಾರಿಗಳಿಗೂ ಇದು ಎಷ್ಟೋ ಸಲ ಗೊತ್ತಿರುವುದಿಲ್ಲ. ವಾದಕ್ಕೆ ಇಳಿಯಬೇಡಿ, ನಿಯಮದ ಆ ಸಾಲನ್ನು ಮೇಲ್‌ಗೆ ಹಾಕಿ ಕಳಿಸಿ.

ವಾದಕ್ಕಿಂತ ಒಳ್ಳೆಯ ದಾರಿ, ಆಡಳಿತ ವೆಚ್ಚವನ್ನು ಒಂದೇ ಮುದ್ದೆ ಮಾಡದೆ ಬಿಡಿಸಿ ಬರೆಯುವುದು. ಅಕೌಂಟೆಂಟ್ ಸಂಬಳ ತಿಂಗಳಿಗೆ 18,000. ಈ ಯೋಜನೆಗೆ ಅವರ ಸಮಯದ ಮೂರನೇ ಒಂದು ಭಾಗ, ವರ್ಷಕ್ಕೆ 72,000. ಕಚೇರಿ ಬಾಡಿಗೆ 9,000ದ ಮೂರನೇ ಒಂದು, ವರ್ಷಕ್ಕೆ 36,000. ಫೋನ್, ಇಂಟರ್‌ನೆಟ್, ಲೇಖನ ಸಾಮಗ್ರಿ ತಿಂಗಳಿಗೆ 2,000, ಅಂದರೆ 24,000. ಯೋಜನೆಯ ಆಡಿಟ್ 25,000. ಒಟ್ಟು 1,57,000. ಎಲ್ಲ ಸೇರಿ 18,95,200. ಆಡಳಿತದ ಪಾಲು ಶೇ 8.3 ಆಯಿತು. 17,38,200ರ ಕೆಳಗೆ ಶೇ 5 ಎಂದು ಬರೆದಿದ್ದರೆ ಸಿಗುತ್ತಿದ್ದದ್ದು 86,910, ಉಳಿದ 70,090 ಸಂಸ್ಥೆಯ ತಲೆಯ ಮೇಲೆ. ಅದನ್ನು ತುಂಬಿಸಲು ಆಮೇಲೆ ಏನೇನು ನಡೆಯುತ್ತದೆ ಎಂದು ಈ ಕ್ಷೇತ್ರದಲ್ಲಿ ಇರುವವರಿಗೆ ಹೇಳಬೇಕಿಲ್ಲ: ಕಾರ್ಯಕರ್ತರ ಸಂಬಳದಲ್ಲಿ ‘ದೇಣಿಗೆ’ ಮುರಿದುಕೊಳ್ಳುವುದು, ಬಾರದ ಊಟಕ್ಕೆ ಬಿಲ್ಲು ಹಾಕುವುದು. ಇವೆರಡೂ ಕಳ್ಳತನವೇ. ಕೊಡುವವರು ಕಡಿಮೆ ಕೊಟ್ಟರು ಎಂಬುದು ಅದಕ್ಕೆ ಸಮರ್ಥನೆ ಆಗುವುದಿಲ್ಲ.

ಮೂರನೇ ಒಂದು ಭಾಗ ಎಂದು ಬರೆದಿರಿ, ಸರಿ. ಮೂರನೇ ಒಂದು ಯಾಕೆ ಎಂದು ಆಡಿಟರ್ ಕೇಳಿದರೆ ತೋರಿಸಲು ಏನಿದೆ? ಅಕೌಂಟೆಂಟ್ ಮತ್ತು ಸಂಯೋಜಕರು ಪ್ರತಿ ತಿಂಗಳು ಒಂದು ಹಾಳೆಯ ಟೈಮ್‌ಶೀಟ್ ಬರೆದು ಸಹಿ ಹಾಕಬೇಕು. ಮೂರು ಫಂಡರ್‌ಗಳಿಂದ (ಹಣ ಕೊಡುವವರಿಂದ) ಒಬ್ಬರೇ ಅಕೌಂಟೆಂಟ್‌ಗೆ ಶೇ 50, ಶೇ 40, ಶೇ 30 ಸಂಬಳ ವಸೂಲಾಗುತ್ತಿದ್ದರೆ ಒಟ್ಟು ಶೇ 120 ಆಯಿತು. ಇದನ್ನು ಯಾರೂ ಬೇಕೆಂದು ಮಾಡುವುದಿಲ್ಲ. ಮೂರು ಬಜೆಟ್ ಮೂರು ಸಲ ಬೇರೆ ಬೇರೆ ಬರೆದಾಗ ತಾನಾಗಿ ಆಗುತ್ತದೆ. ಆದ್ದರಿಂದ ಸಂಸ್ಥೆಯ ಎಲ್ಲ ಸಿಬ್ಬಂದಿ, ಎಲ್ಲ ಫಂಡರ್‌ಗಳು ಒಂದೇ ಹಾಳೆಯಲ್ಲಿ ಕಾಣುವಂಥ ಪಟ್ಟಿ ಇರಲಿ. ಹೊಸ ಪ್ರಪೋಸಲ್ ಬರೆಯುವ ಮುನ್ನ ತೆರೆಯಬೇಕಾದ ಮೊದಲ ಫೈಲ್ ಅದು.

ಇನ್ನೂ ಒಂದು ಸಾಲು ನೋಡಿ: ಕಾರ್ಯಕರ್ತರಿಗೆ 12 ತಿಂಗಳ ಸಂಬಳ ಹಾಕಿದ್ದೇವೆ. ಶಾಲೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಇರುವುದಿಲ್ಲ, ದಸರಾ ರಜೆ ಬೇರೆ. ‘ಆ ತಿಂಗಳು ಇವರು ಏನು ಮಾಡ್ತಾರೆ?’ ಎಂದು ಫಂಡರ್ ಕೇಳಿಯೇ ಕೇಳುತ್ತಾರೆ. ಬೇಸಿಗೆಯಲ್ಲಿ ಊರಿನ ದೇವಸ್ಥಾನದ ಜಗಲಿಯಲ್ಲೋ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲೋ ಶಿಬಿರ ಮಾಡುತ್ತೀರಿ ಎಂದಾದರೆ ಅದನ್ನು ಕೆಲಸದ ಯೋಜನೆಯಲ್ಲಿ ಬರೆಯಿರಿ, ಅದರ ಖರ್ಚನ್ನೂ ಹಾಕಿ. ಇಲ್ಲವಾದರೆ ಹತ್ತೇ ತಿಂಗಳ ಸಂಬಳ ಹಾಕಿ, ಒಳ್ಳೆಯ ಕಾರ್ಯಕರ್ತರು ಮೇ ತಿಂಗಳಲ್ಲಿ ಬೇರೆ ಕೆಲಸಕ್ಕೆ ಹೋಗುವ ಅಪಾಯವನ್ನು ಒಪ್ಪಿಕೊಳ್ಳಿ. ಎರಡರಲ್ಲಿ ಒಂದು.

ಪ್ರಯಾಣವನ್ನು ಹೆಚ್ಚಿನವರು ಕಡಿಮೆ ಹಾಕುತ್ತಾರೆ. ತುಮಕೂರಿನಿಂದ ಪಾವಗಡ ನೂರು ಕಿಲೋಮೀಟರ್ ಆಸುಪಾಸು. ಸಂಯೋಜಕರು ತುಮಕೂರಿನಲ್ಲಿ ಕೂತು ವಾರಕ್ಕೆರಡು ಸಲ ಹೋಗಿಬರುವ ಯೋಜನೆಗೆ 4,000 ಎಲ್ಲಿಗೂ ಸಾಲದು. ಪಾವಗಡದಲ್ಲೇ ಮನೆ ಮಾಡಿಕೊಂಡವರಾದರೆ ಸಾಕು. ಅಂದರೆ 4,000 ಎಂದು ಬರೆದ ಕ್ಷಣ ‘ಸಂಯೋಜಕರು ಸ್ಥಳೀಯರು’ ಎಂಬ ತೀರ್ಮಾನ ಮಾಡಿದಂತೆ. ಬಜೆಟ್ ಮೊದಲು ಬರೆಯಿರಿ ಎನ್ನುವುದು ಇಂಥ ಕಾರಣಕ್ಕೆ. ಪಾವಗಡ, ಬಾಗೇಪಲ್ಲಿ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಕನ್ನಡ ಪುಸ್ತಕ ಮಾತ್ರ ಕೊಂಡರೆ ಒಂದನೇ, ಎರಡನೇ ತರಗತಿಯಲ್ಲಿ ಕಾರ್ಯಕರ್ತೆ ಏನು ಓದಿ ಹೇಳಬೇಕು? ಎರಡೂ ಭಾಷೆ ಬಲ್ಲ ಕಾರ್ಯಕರ್ತರನ್ನೇ ಹುಡುಕಬೇಕು. ಇದೂ ಪುಸ್ತಕದ ಸಾಲು, ಸಂಬಳದ ಸಾಲು ಬರೆಯುವಾಗಲೇ ಹೊಳೆಯುವ ವಿಷಯ.

ಈಗ ಹಣದ ಹರಿವು. ಫಂಡರ್ 40-40-20 ಕಂತಿನಲ್ಲಿ ಕೊಡುತ್ತಾರೆ ಅಂದುಕೊಳ್ಳಿ. ಮೊದಲ ಕಂತು 7,58,080. ಮೊದಲ ನಾಲ್ಕು ತಿಂಗಳ ಖರ್ಚು ಕೂಡಿಸಿ: ಸಂಬಳ ಮತ್ತು ಪ್ರಯಾಣ ತಿಂಗಳಿಗೆ 1,16,500ರಂತೆ 4,66,000, ಪುಸ್ತಕ ಪೂರ್ತಿ 2,40,000, ಒಂದು ತರಬೇತಿ 20,100, ಆರಂಭದ ಮಾಪನ 30,000, ಅಕೌಂಟೆಂಟ್, ಬಾಡಿಗೆ, ಫೋನ್ 44,000. ಒಟ್ಟು 8,00,100. ನಾಲ್ಕನೇ ತಿಂಗಳ ಕೊನೆಗೆ 42,020 ಕಡಿಮೆ ಬೀಳುತ್ತದೆ. ಎರಡನೇ ಕಂತು ಬರುವುದು ವರದಿ ಕೊಟ್ಟ ಮೇಲೆ, ವರದಿ ಓದಿ ಅನುಮೋದನೆ ಆಗಲು ತಿಂಗಳು ಹಿಡಿಯುವುದುಂಟು. ಈ ಹಾಳೆಯನ್ನು ಒಪ್ಪಂದಕ್ಕೆ ಮೊದಲೇ ತೋರಿಸಿದರೆ ಮೊದಲ ಕಂತನ್ನು ಶೇ 45 ಮಾಡಿಸಿಕೊಳ್ಳುವುದು ಕಷ್ಟವಲ್ಲ. ಸಹಿ ಆದ ಮೇಲೆ ಕೇಳಿದರೆ ‘ನೀವೇ ಒಪ್ಪಿದ್ದಲ್ವಾ’ ಎನ್ನುತ್ತಾರೆ. ಕೊನೆಯ ಶೇ 20 ಅಂದರೆ 3,79,040. ಕೆಲಸ ಮುಗಿದು ಅಂತಿಮ ವರದಿ ಕೊಟ್ಟ ಮೇಲೆ ಬರುವ ಹಣ. ಅಷ್ಟು ದಿನ ಮೂರು ತಿಂಗಳಿಗೂ ಮಿಕ್ಕಿದ ಸಂಬಳ ಮತ್ತು ಪ್ರಯಾಣವನ್ನು ನೀವು ಕೈಯಿಂದ ಹಾಕಬೇಕು. ಸಂಸ್ಥೆಯ ಖಾತೆಯಲ್ಲಿ ಅಷ್ಟು ಸ್ವಂತ ಹಣ ಇಲ್ಲದಿದ್ದರೆ ಕೊನೆಯ ಕಂತನ್ನು ಶೇ 10ಕ್ಕೆ ಇಳಿಸಲು ಕೇಳಿ.

ಬಜೆಟ್ ಹೀಗೆ ಗಟ್ಟಿಯಾದ ಮೇಲೆ ಬರವಣಿಗೆ ಅರ್ಧ ಮುಗಿದಂತೆಯೇ. ಹಿನ್ನೆಲೆಯಲ್ಲಿ ‘ಪಾವಗಡ ಬರಪೀಡಿತ ಹಿಂದುಳಿದ ತಾಲ್ಲೂಕು’ ಎಂದು ಒಂದು ಪುಟ ಬರೆಯಬೇಡಿ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಪಾವಗಡ, ಬಾಗೇಪಲ್ಲಿಯನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಇಟ್ಟಿತು ಎಂಬುದು ಒಂದು ವಾಕ್ಯಕ್ಕೆ ಸಾಕು. ಉಳಿದದ್ದು ನಿಮ್ಮ 20 ಶಾಲೆಗಳ ಬಗ್ಗೆ ಇರಲಿ: ಯುಡೈಸ್ ಸಂಖ್ಯೆ (ಸರ್ಕಾರ ಪ್ರತಿ ಶಾಲೆಗೆ ಕೊಟ್ಟ ಗುರುತಿನ ಸಂಖ್ಯೆ), ತರಗತಿವಾರು ಹಾಜರಾತಿ, ಶಿಕ್ಷಕರ ಹುದ್ದೆ ಎಷ್ಟು ಖಾಲಿ, ಮೂರನೇ ತರಗತಿಯ ಎಷ್ಟು ಮಕ್ಕಳು ಎರಡನೇ ತರಗತಿಯ ಪಠ್ಯ ಓದುತ್ತಾರೆ. ಈ ಕೊನೆಯ ಅಂಕಿ ಎಲ್ಲೂ ಸಿಗುವುದಿಲ್ಲ, ನೀವೇ ನಾಲ್ಕು ಶಾಲೆಯಲ್ಲಿ ಓದಿಸಿ ನೋಡಿ ಬರೆಯಬೇಕು. ಪ್ರಪೋಸಲ್‌ನ ಅತ್ಯಂತ ಬೆಲೆಬಾಳುವ ಪ್ಯಾರಾ ಅದೇ.

ಕೆಲವು ಫಂಡರ್‌ಗಳು ಕೇಂದ್ರ ಸರ್ಕಾರ ಹಿಂದುಳಿದವು ಎಂದು ಗುರುತಿಸಿದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳಿಗಷ್ಟೇ ಹಣ ಕೊಡುತ್ತಾರೆ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ರಾಯಚೂರು ಮತ್ತು ಯಾದಗಿರಿ. ನಮ್ಮ ಮೂರೂ ಜಿಲ್ಲೆ ಇಲ್ಲ. ಅರ್ಜಿ ಆಹ್ವಾನದಲ್ಲಿ ಆ ಷರತ್ತು ಕಂಡರೆ ಅರ್ಜಿ ಹಾಕಿ ಸಮಯ ಕಳೆಯಬೇಡಿ.

ಅನುಮತಿ ಪತ್ರದಲ್ಲಿ ನಮ್ಮ ಕಡೆಯದೇ ಒಂದು ಎಡವಟ್ಟಿದೆ. ತುಮಕೂರು ಕಂದಾಯ ಜಿಲ್ಲೆ ಒಂದೇ, ಶೈಕ್ಷಣಿಕ ಜಿಲ್ಲೆ ಎರಡು. ಪಾವಗಡ, ಸಿರಾ, ಮಧುಗಿರಿ, ಕೊರಟಗೆರೆ ಶಾಲೆಗಳು ಮಧುಗಿರಿ ಉಪನಿರ್ದೇಶಕರ ಕೈಕೆಳಗೆ ಬರುತ್ತವೆ. ತುಮಕೂರಿನ ಕಚೇರಿಯಿಂದ ಪತ್ರ ತಂದು ಪಾವಗಡದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮುಂದೆ ಇಟ್ಟರೆ ಅದು ನಡೆಯುವುದಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದಾಗ ಒಳಗೆ ಇರಬೇಕಾದರೆ ಮಾರ್ಚ್‌ನಲ್ಲೇ ಅರ್ಜಿ ಹೋಗಬೇಕು.

ಕೆರೆ ಹೂಳೆತ್ತುವ ಪ್ರಪೋಸಲ್‌ಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಕೋಲಾರ ಮತ್ತು ಚಿಕ್ಕಬಳ್ಳಾಪುರದಲ್ಲಿ ಕಂಪನಿಗಳಿಗೆ ಅದರ ಮೇಲೆ ತುಂಬಾ ಮೋಹ. ಫೋಟೊ ಚೆನ್ನಾಗಿ ಬರುತ್ತದೆ ನೋಡಿ. ಮೊದಲ ಪ್ರಶ್ನೆ, ಕೆರೆ ಯಾರದು. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಪಂಚಾಯತ್ ವ್ಯವಸ್ಥೆಯ ಕೈಯಲ್ಲಿ, 40ರಿಂದ 2,000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆಯದು. ಗ್ರಾಮ ಪಂಚಾಯಿತಿ ನಡಾವಳಿ ಒಂದನ್ನೇ ಹಿಡಿದುಕೊಂಡು ಇಲಾಖೆಯ ಕೆರೆಗೆ ಜೆಸಿಬಿ ಇಳಿಸಿದರೆ ಕೆಲಸ ನಿಲ್ಲುತ್ತದೆ, ಜೆಸಿಬಿಯ ಬಾಡಿಗೆ ಮಾತ್ರ ಓಡುತ್ತಿರುತ್ತದೆ. ಎರಡನೇ ಪ್ರಶ್ನೆ, ಕೆರೆಯಲ್ಲಿ ನೀರಿದೆಯೇ. ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ, ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಚಿಕ್ಕಬಳ್ಳಾಪುರದ ಕಡೆಗೆ ಹರಿಯುತ್ತಿದೆ. ಆ ಸರಣಿಯ ಕೆರೆ ಬೇಸಿಗೆಯಲ್ಲೂ ಒಣಗದಿದ್ದರೆ ಹೂಳೆತ್ತಲು ಆಗುವುದೇ ಇಲ್ಲ. ಬೆಂಗಳೂರಿನಲ್ಲಿ ಕೂತ ಅಧಿಕಾರಿಗೆ ಇದು ತಿಳಿಯದು, ‘ಬರದ ಜಿಲ್ಲೆ’ ಎಂಬುದಷ್ಟೇ ಅವರ ತಲೆಯಲ್ಲಿ ಇರುತ್ತದೆ.

ಮೂರನೆಯದು ಅಳತೆ. ‘ಒಂದು ಕೆರೆ ಪುನಶ್ಚೇತನ’ ಎಂದು ಬರೆದರೆ ಮುಗಿಯುವುದೇ ಇಲ್ಲ. ‘10,000 ಘನ ಮೀಟರ್ ಹೂಳು’ ಎಂದು ಬರೆಯಿರಿ. ಟ್ರ್ಯಾಕ್ಟರ್ ಟ್ರೈಲರ್ ಒಂದು ಲೋಡ್‌ಗೆ ಸುಮಾರು 3 ಘನ ಮೀಟರ್ ಹಿಡಿದರೆ 3,300 ಲೋಡ್ ಆಯಿತು. ದಿನಕ್ಕೆ 40 ಟ್ರ್ಯಾಕ್ಟರ್, ಒಂದೊಂದು 8 ಲೋಡ್ ಎಂದರೆ 320. ಹತ್ತು ಹನ್ನೊಂದು ದಿನದ ಕೆಲಸ, ಎಲ್ಲ ಸರಿಯಾಗಿ ನಡೆದರೆ. ಅಗೆಯುವ ಯಂತ್ರದ ಬಾಡಿಗೆ ಫಂಡರ್‌ದು, ಹೂಳು ಸಾಗಿಸುವ ಟ್ರ್ಯಾಕ್ಟರ್ ಖರ್ಚು ರೈತರದು ಎಂಬ ಹಂಚಿಕೆ ನಮ್ಮಲ್ಲಿ ಚೆನ್ನಾಗಿ ನಡೆಯುತ್ತದೆ. ಆದರೆ ರೈತರ ಪಾಲನ್ನು ಬಜೆಟ್‌ನಲ್ಲಿ ‘ಸಮುದಾಯದ ಕೊಡುಗೆ’ ಎಂದು ತೋರಿಸಿದ ಮೇಲೆ ಅದಕ್ಕೂ ದಾಖಲೆ ಬೇಕು: ರೈತನ ಹೆಸರು, ಸರ್ವೆ ನಂಬರ್, ಲೋಡ್ ಸಂಖ್ಯೆ, ಸಹಿ ಇರುವ ಪುಸ್ತಕ. ಕೆಲಸಕ್ಕೆ ಮೊದಲು ಮತ್ತು ನಂತರ ಲೆವೆಲ್ (ಕೆರೆ ತಳದ ಮಟ್ಟದ ಅಳತೆ) ತೆಗೆಸಿ ಎಂಜಿನಿಯರ್ ಸಹಿ ಹಾಕಿಸದಿದ್ದರೆ, ಜೂನ್ ಮಳೆಗೆ ಕೆರೆ ತುಂಬಿದ ಮೇಲೆ ನೀವು ಏನು ತೆಗೆದಿರಿ ಎಂಬುದಕ್ಕೆ ಸಾಕ್ಷಿ ನೀರಿನಡಿ ಹೋಯಿತು.

ಮಾರ್ಚ್ ಫೋನ್‌ಗೆ ವಾಪಸ್ ಬರೋಣ, ಯಾಕೆಂದರೆ ಅತಿ ದೊಡ್ಡ ಅಪಾಯ ಇರುವುದು ಅಲ್ಲಿ. ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ನ್ನು ಆ ಹಣಕಾಸು ವರ್ಷದಲ್ಲಿ ಖರ್ಚು ಮಾಡಬೇಕು. ನಿಮ್ಮ ಖಾತೆಗೆ ಹಾಕಿದ ಮಾತ್ರಕ್ಕೆ ಅದು ‘ಖರ್ಚು’ ಆಗುವುದಿಲ್ಲ. ನೀವು ಅದನ್ನು ಬಳಸಿದ ಮೇಲೆ ಆಗುತ್ತದೆ, ಬಳಕೆಯಾಗಿದೆ ಎಂದು ಕಂಪನಿಯ ಹಣಕಾಸು ಮುಖ್ಯಸ್ಥರು ಪ್ರಮಾಣೀಕರಿಸಬೇಕು. ಅದಕ್ಕೇ ಮಾರ್ಚ್ 20ಕ್ಕೆ ಹಣ ಹಾಕಿ, ಮಾರ್ಚ್ 31ರ ತಾರೀಕಿನ ಯುಸಿ (ಬಳಕೆ ಪ್ರಮಾಣಪತ್ರ) ಕೇಳುತ್ತಾರೆ. ‘ಫಾರ್ಮಾಲಿಟಿ ಅಷ್ಟೇ’ ಎನ್ನುತ್ತಾರೆ. ಖರ್ಚಾಗದ ಹಣಕ್ಕೆ ಬಳಕೆ ಪ್ರಮಾಣಪತ್ರ ಕೊಡುವುದು ಸುಳ್ಳು ದಾಖಲೆ. ಅದರಲ್ಲಿ ಸಹಿ ಇರುವುದು ನಿಮ್ಮದು ಮತ್ತು ನಿಮ್ಮ ಆಡಿಟರ್‌ದು, ಫೋನ್ ಮಾಡಿದವರದ್ದಲ್ಲ. ಏಪ್ರಿಲ್‌ನಲ್ಲಿ ನಿಮ್ಮ ಬ್ಯಾಲೆನ್ಸ್ ಶೀಟ್‌ನಲ್ಲಿ ಅದೇ ಹಣ ಬ್ಯಾಂಕ್ ಶಿಲ್ಕು ಎಂದು ಕಾಣುತ್ತದೆ, ಎರಡು ಕಾಗದವನ್ನು ಪಕ್ಕಪಕ್ಕ ಇಡಲು ಯಾರಿಗೂ ಹೆಚ್ಚು ಹೊತ್ತು ಬೇಡ.

ಕಾನೂನಿನಲ್ಲೇ ದಾರಿ ಇದೆ. ಯೋಜನೆಯನ್ನು ಕಂಪನಿಯ ನಿರ್ದೇಶಕ ಮಂಡಳಿ ‘ಮುಂದುವರಿಯುವ ಯೋಜನೆ’ ಎಂದು ಅನುಮೋದಿಸಿದರೆ, ಬಳಕೆಯಾಗದ ಮೊತ್ತವನ್ನು ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಬಳಕೆಯಾಗದ ಸಿಎಸ್‌ಆರ್ ಖಾತೆಗೆ ಹಾಕಿ, ಶುರುವಾದ ವರ್ಷ ಬಿಟ್ಟು ಮುಂದಿನ ಮೂರು ಹಣಕಾಸು ವರ್ಷಗಳವರೆಗೆ ಖರ್ಚು ಮಾಡಬಹುದು. ಆದ್ದರಿಂದ ಫೋನ್ ಬಂದಾಗ ನಿಮ್ಮ ಉತ್ತರ ಹೀಗಿರಲಿ: ‘ಮಾರ್ಚ್ ಒಳಗೆ ಇಷ್ಟು ಖರ್ಚಾಗುತ್ತೆ, ಉಳಿದದ್ದು ಮುಂದಿನ ವರ್ಷ. ಮಂಡಳಿಯಲ್ಲಿ ಮುಂದುವರಿಯುವ ಯೋಜನೆ ಅಂತ ಮಾಡಿಸ್ತೀರಾ?’ ಮಾಡಿಸುವುದಿಲ್ಲ ಎಂದರೆ ಮಾರ್ಚ್ ಒಳಗೆ ನಿಜವಾಗಿ ಆಗುವ ಕೆಲಸವನ್ನಷ್ಟೇ ಒಪ್ಪಿಕೊಳ್ಳಿ. ಪುಸ್ತಕ, ಕಪಾಟಿನ ಖರೀದಿ ಆಗಬಹುದು, ಒಂದು ವರ್ಷದ ಸಂಬಳ ಆಗುವುದಿಲ್ಲ. ಯುಸಿಯಲ್ಲಿ ಮೂರು ಕಾಲಂ ಇರಲಿ: ಖರ್ಚಾದದ್ದು, ಆರ್ಡರ್ ಕೊಟ್ಟು ಪಾವತಿ ಬಾಕಿ ಇರುವುದು, ಉಳಿಕೆ. ಎರಡನೆಯದನ್ನು ಮೊದಲನೆಯದರೊಳಗೆ ಸೇರಿಸಬೇಡಿ.

ಒಪ್ಪಂದ ಪತ್ರದಲ್ಲಿ ನೋಡಬೇಕಾದ್ದು ಮುಖ್ಯವಾಗಿ ಎರಡು. ಅದು ಅನುದಾನದ ಒಪ್ಪಂದವೋ, ಸೇವೆಯ ಒಪ್ಪಂದವೋ? ಕಂಪನಿಯ ಕಾನೂನು ವಿಭಾಗ ತನ್ನ ಹಳೆಯ ವೆಂಡರ್ ಒಪ್ಪಂದವನ್ನೇ ತಿದ್ದಿ ಕಳಿಸುತ್ತದೆ. ‘ಸೇವಾ ಶುಲ್ಕ’, ‘ಇನ್‌ವಾಯ್ಸ್’ ಎಂದೆಲ್ಲ ಇದ್ದರೆ ಟಿಡಿಎಸ್ (ಪಾವತಿಯಲ್ಲೇ ಮುರಿಯುವ ತೆರಿಗೆ) ಹಿಡಿಯುತ್ತಾರೆ, ಜಿಎಸ್‌ಟಿ ಪ್ರಶ್ನೆ ಏಳುತ್ತದೆ, 18,95,200ರಲ್ಲಿ ಕೈಗೆ ಬರುವುದು ಕಡಿಮೆ. ಸಹಿಗೆ ಮೊದಲು ಆಡಿಟರ್‌ಗೆ ತೋರಿಸಿ. ಇನ್ನೊಂದು, ಬಜೆಟ್‌ನ ಒಂದು ಹೆಡ್‌ನಿಂದ (ಖರ್ಚಿನ ಬಾಬತ್ತಿನಿಂದ) ಇನ್ನೊಂದಕ್ಕೆ ಎಷ್ಟು ಬದಲಿಸಬಹುದು ಎಂಬ ಷರತ್ತು. ಶೇ 10ರವರೆಗೆ ಅನುಮತಿ ಇಲ್ಲದೆ, ಅದಕ್ಕಿಂತ ಹೆಚ್ಚಾದರೆ ಬರಹದ ಒಪ್ಪಿಗೆಯೊಂದಿಗೆ ಎಂದು ಹಾಕಿಸಿಕೊಳ್ಳಿ. ಫೋನಿನಲ್ಲಿ ‘ಪರವಾಗಿಲ್ಲ, ಮಾಡಿ’ ಎಂದ ಅಧಿಕಾರಿ ಆರು ತಿಂಗಳಲ್ಲಿ ಕೆಲಸ ಬಿಟ್ಟು ಹೋಗಿರುತ್ತಾರೆ. ಅದೇ ದಿನ ‘ತಾವು ಹೇಳಿದಂತೆ’ ಎಂದು ಒಂದು ಮೇಲ್ ಹಾಕಿಟ್ಟುಕೊಳ್ಳಿ.

ಬೆಂಗಳೂರಿನ ದೊಡ್ಡ ಸಂಸ್ಥೆ ‘ನಮ್ಮ ಜೊತೆ ಪಾಲುದಾರರಾಗಿ’ ಎಂದು ಬಂದರೆ, ಹಣ ಎಲ್ಲಿಂದ ಎಂದು ಮೊದಲು ಕೇಳಿ. 2020ರ ತಿದ್ದುಪಡಿಯ ನಂತರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಖಾತೆಗೆ ಬಂದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ, ನಿಮಗೂ ಎಫ್‌ಸಿಆರ್‌ಎ ನೋಂದಣಿ ಇದ್ದರೂ. ಅದೇ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ಎಫ್‌ಸಿಆರ್‌ಎ ಇರುವವರು ಎಫ್‌ಸಿ-4 ವಾರ್ಷಿಕ ವಿವರವನ್ನು ಡಿಸೆಂಬರ್ 31ರೊಳಗೆ ಸಲ್ಲಿಸಬೇಕು, ಆ ವರ್ಷ ಒಂದು ರೂಪಾಯಿ ಬಾರದಿದ್ದರೂ.

ಹಣ ಬಂದ ಮೇಲೆ ದಿನನಿತ್ಯದ ಕೆಲಸ ವೋಚರ್‌ದು. ಪ್ರತಿ ಯೋಜನೆಗೂ ಲೆಕ್ಕದ ತಂತ್ರಾಂಶ ಟ್ಯಾಲಿಯಲ್ಲಿ ಬೇರೆ ಕಾಸ್ಟ್ ಸೆಂಟರ್ (ಖರ್ಚಿನ ವಿಭಾಗ), ಸಾಧ್ಯವಾದರೆ ಬೇರೆ ಬ್ಯಾಂಕ್ ಖಾತೆ. ವೋಚರ್ ಮೇಲೆ ಯೋಜನೆಯ ಹೆಸರು, ಬಜೆಟ್ ಸಾಲಿನ ಸಂಖ್ಯೆ, ಯಾರು ಅನುಮೋದಿಸಿದರು, ಯಾರು ಪಡೆದರು. ಅನುಮೋದಿಸಿದವರೇ ಪಡೆದವರೂ ಆಗಿರಬಾರದು; ಇಬ್ಬರೇ ಇರುವ ಸಂಸ್ಥೆಯಲ್ಲಿ ಖಜಾಂಚಿಯಾದರೂ ತಿಂಗಳಿಗೊಮ್ಮೆ ಬಂದು ಸಹಿ ಹಾಕಲಿ. ತರಬೇತಿ ಊಟದ ಬಿಲ್ಲಿನ ಹಿಂದೆ ಹಾಜರಾತಿ ಹಾಳೆ ಇರಲಿ, ಹಾಜರಾತಿಯಲ್ಲಿ 7 ಜನ, ಬಿಲ್ಲಿನಲ್ಲಿ 15 ಊಟ ಇರದಿರಲಿ.

ನಗದಿನಲ್ಲಿ ಒಬ್ಬರಿಗೆ ಒಂದು ದಿನದಲ್ಲಿ 10,000ಕ್ಕಿಂತ ಹೆಚ್ಚು ಕೊಟ್ಟರೆ ಆ ಖರ್ಚು ಆದಾಯ ತೆರಿಗೆಯ ಲೆಕ್ಕದಲ್ಲಿ ಸಂಸ್ಥೆಯ ಉದ್ದೇಶಕ್ಕೆ ಬಳಸಿದ್ದು ಎಂದು ಪರಿಗಣನೆಯಾಗುವುದಿಲ್ಲ. ಅಡುಗೆಯವರಿಗೆ 12,400 ಕೊಡಬೇಕಿದ್ದು, 6,200ರ ಎರಡು ವೋಚರ್ ಮಾಡಿದರೂ ಪ್ರಯೋಜನವಿಲ್ಲ, ಒಂದೇ ದಿನದ ಮೊತ್ತವನ್ನು ಕೂಡಿಸಿಯೇ ನೋಡುತ್ತಾರೆ. ಟಿಡಿಎಸ್ ಹಿಡಿಯಬೇಕಾದ ಕಡೆ ಹಿಡಿಯದಿದ್ದರೆ ಆ ಪಾವತಿಯ ಶೇ 30 ಲೆಕ್ಕದಿಂದ ಹೊರಬೀಳುತ್ತದೆ. ಜೆಸಿಬಿ ಮಾಲೀಕರು ‘ಟಿಡಿಎಸ್ ಎಲ್ಲಾ ಬೇಡ ಸಾರ್, ಕ್ಯಾಶ್ ಕೊಡಿ’ ಎಂದಾಗ ಈ ಎರಡೂ ಒಟ್ಟಿಗೆ ನೆನಪಿರಲಿ. ಕೇಂದ್ರ ಸರ್ಕಾರದ ಅನುದಾನವಾದರೆ ಯುಸಿ ಜಿಎಫ್‌ಆರ್ (ಸರ್ಕಾರದ ಸಾಮಾನ್ಯ ಹಣಕಾಸು ನಿಯಮ) 12-ಎ ನಮೂನೆಯಲ್ಲಿ, ಖಾತೆಯಲ್ಲಿ ಬಂದ ಬಡ್ಡಿಯನ್ನೂ ಸರ್ಕಾರಕ್ಕೆ ಹಿಂದಿರುಗಿಸಬೇಕು.

ಬೇಡ ಎನ್ನಬೇಕಾದ ಅನುದಾನವೂ ಇದೆ. ಬಾಗೇಪಲ್ಲಿ, ಪಾವಗಡದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಭಾರತೀಯ ಮಾನಕದ ಪ್ರಕಾರ ಲೀಟರ್‌ಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಹಾಗಾಗಿ ಆರ್‌ಒ ಘಟಕ ಕೊಡಿಸಲು ಕಂಪನಿಗಳು ತುದಿಗಾಲಲ್ಲಿ ಇರುತ್ತವೆ. ಘಟಕಕ್ಕೆ ಹಣ ಕೊಡುತ್ತಾರೆ, ನಡೆಸಲು ಕೊಡುವುದಿಲ್ಲ. ಲೆಕ್ಕ ಹಾಕಿ: 60 ಮನೆಯ ಊರು, ದಿನಕ್ಕೆ ಮನೆಗೊಂದು 20 ಲೀಟರ್ ಕ್ಯಾನ್, ಕ್ಯಾನ್‌ಗೆ 5 ರೂಪಾಯಿ. ತಿಂಗಳಿಗೆ 9,000. ಅರೆಕಾಲಿಕ ನಿರ್ವಾಹಕರಿಗೆ 6,000, ಕರೆಂಟ್ 2,500 ಕೊಟ್ಟರೆ 500 ಉಳಿಯಿತು. ಎರಡು ಮೂರು ವರ್ಷಕ್ಕೆ ಮೆಂಬ್ರೇನ್ ಬದಲಿಸುವ ಹಣ, ಸುಟ್ಟ ಮೋಟರಿನ ರಿಪೇರಿ ಆ 500ರಲ್ಲಿ ಬರುವುದಿಲ್ಲ. ಮೂರು ಊರು ಕೂಡಿ ದಿನಕ್ಕೆ 200 ಕ್ಯಾನ್ ಹೋಗುವ ಜಾಗವಾದರೆ ಲೆಕ್ಕ ಕೂಡುತ್ತದೆ. ಇಲ್ಲವೇ ಐದು ವರ್ಷದ ನಿರ್ವಹಣೆಯನ್ನು ಬಜೆಟ್‌ನಲ್ಲಿ ಸೇರಿಸಲು ಕೇಳಿ. ಎರಡೂ ಆಗದಿದ್ದರೆ ಬಿಟ್ಟುಬಿಡಿ. ಬೀಗ ಬಿದ್ದ ಘಟಕದ ಮೇಲೆ ಕಂಪನಿಯ ಹೆಸರಿನ ಜೊತೆ ನಿಮ್ಮ ಸಂಸ್ಥೆಯ ಹೆಸರೂ ಇರುತ್ತದೆ, ಊರವರು ಹುಡುಕಿಕೊಂಡು ಬರುವುದು ನಿಮ್ಮನ್ನು. ತಿರಸ್ಕರಿಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಪಂಚಾಯಿತಿ ಜೊತೆಗಿನ ಒಪ್ಪಂದದಲ್ಲಿ ಬರೆದಿರಬೇಕು. ಫ್ಲೋರೈಡ್ ಅದರಲ್ಲಿ ಇನ್ನೂ ಗಟ್ಟಿಯಾಗಿ ಸೇರಿರುತ್ತದೆ.

ಯೋಜನೆ ಮುಗಿಸುವುದು ಅಂತಿಮ ವರದಿಯಿಂದ ಅಲ್ಲ, ಆಸ್ತಿ ಪಟ್ಟಿಯಿಂದ. ಕಪಾಟು, ಪುಸ್ತಕ ಶಾಲೆಗೆ ಕೊಟ್ಟಿರಿ ಎಂದಾದರೆ ಮುಖ್ಯ ಶಿಕ್ಷಕರಿಂದ ಸ್ವೀಕೃತಿ ಪತ್ರ, ಶಾಲೆಯ ದಾಸ್ತಾನು ಪುಸ್ತಕದಲ್ಲಿ ನಮೂದು, ಆ ಪುಟದ ಫೋಟೊ. ಉಳಿದ ಹಣ ಎಷ್ಟು, ವಾಪಸ್ ಮಾಡಬೇಕೋ ಬಳಸಬಹುದೋ ಎಂದು ಬರಹದಲ್ಲಿ ಕೇಳಿ ಉತ್ತರ ಪಡೆಯಿರಿ. ಕಡತಗಳನ್ನು ಫಂಡರ್ ಹೇಳಿದ ಅವಧಿಗೆ ಮಾತ್ರ ಇಟ್ಟರೆ ಸಾಲದು, ಚಾರಿಟಬಲ್ ಸಂಸ್ಥೆಗಳ ಲೆಕ್ಕಪುಸ್ತಕಕ್ಕೆ 1961ರ ಕಾಯ್ದೆಯಡಿಯ ತೆರಿಗೆ ನಿಯಮ ಹತ್ತು ವರ್ಷ ಹೇಳಿತ್ತು. ಹಳೆಯ ವರ್ಷಗಳ ಕಡತಕ್ಕೆ ಅದನ್ನೇ ಹಿಡಿಯಿರಿ. ಪೆಟ್ರೋಲ್ ಬಂಕಿನ, ಜೆರಾಕ್ಸ್ ಅಂಗಡಿಯ ಥರ್ಮಲ್ ಕಾಗದದ ಬಿಲ್ಲುಗಳನ್ನು ಬಂದ ವಾರವೇ ನಕಲು ತೆಗೆದು ಮೂಲದ ಜೊತೆ ಪಿನ್ ಮಾಡಿ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅವುಗಳ ಮೇಲಿನ ಅಕ್ಷರ ಪೂರ್ತಿ ಅಳಿಸಿರುತ್ತದೆ, ಆಡಿಟ್ ತಂಡ ಬರುವುದು ಸಾಮಾನ್ಯವಾಗಿ ಮೂರನೇ ವರ್ಷ.